ಕಿವಿಯ ಬೆಲೆ ಬಲ್ಲವನು

ಕಳೆದ ತಿಂಗಳು ನನ್ನ ಮಗಳು ನನಗೊಂದು ಪುಟ್ಟ ಸಂಗೀತಯಂತ್ರವನ್ನು ತಂದುಕೊಟ್ಟಳು. ಗಾತ್ರದಲ್ಲಿ ಅದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಆದರೆ ನಾನು ನಲವತ್ತು ವರ್ಷ ಕೂಡಿಸಿಟ್ಟ ಕ್ಯಾಸೆಟ್ಟುಗಳ ಹಾಡೆಲ್ಲವೂ ಅದರ ಹೊಟ್ಟೆಯಲ್ಲಿ ಅಡಗಿ ಕುಳಿತಿದ್ದುವು. ನಮ್ಮ ಮನೆ ಸಣ್ಣದು. ಮೊಮ್ಮಗನು ಪರೀಕ್ಷೆಗೆ ಓದುತ್ತಿರುವುದರಿಂದ ರಾತ್ರಿ ಒಂಬತ್ತರ ಮೇಲೆ ಹಾಡು ಕೇಳಿಸುವಂತಿಲ್ಲ. ಊಟವಾದ ಬಳಿಕ ನಾನೂ ನನ್ನ ಮನೆಯವರೂ ಜಗಲಿಯಲ್ಲಿ ಕುಳಿತು ಒಂದಿಷ್ಟು ಸಂಗೀತ ಕೇಳುವುದು ಮದುವೆಯಾದ ಹೊಸತರಿಂದ ಬಂದ ಪದ್ಧತಿ. ಅದು ತಪ್ಪಿಹೋಗಿ ವರ್ಷವಾಗಿತ್ತು. ಈ ಯಂತ್ರದಿಂದ ಅದು ಮರಳಿ ಬರುವುದೆಂದು ನಾನು ಹಿಗ್ಗಿದೆ.

ಮೊದಲ ರಾತ್ರಿ ಮೊಮ್ಮಗನ ಇಯರ್‌ಫೋನನ್ನು ಎರವಲು ಪಡೆದು, ಒಂದು ಗುಂಡಿಯನ್ನು ನನ್ನ ಕಿವಿಗೂ ಇನ್ನೊಂದನ್ನು ಅವಳ ಕಿವಿಗೂ ಸಿಕ್ಕಿಸಿಕೊಂಡೆವು. ಸ್ವಲ್ಪ ಹೊತ್ತಿಗೆ ಅವಳು ಗಾಯನದಲ್ಲಿ ಹಾರ್ಮೋನಿಯಂ ಏಕಿಲ್ಲವೆಂದು ಕೇಳಿದಳು. ನನಗೋ ಹಾರ್ಮೋನಿಯಂ ಬೇಕಾದಷ್ಟಿತ್ತು, ತಬಲವೇ ಇರಲಿಲ್ಲ! ಸ್ಟೀರಿಯೋ ಧ್ವನಿಮುದ್ರಣದ ಎಡಭಾಗವೊಂದು ಕಿವಿಗೆ, ಬಲಭಾಗವೊಂದು ಕಿವಿಗೆ. ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಮನೆಯಂತೆ ಕಚೇರಿಯು ನಮ್ಮಿಬ್ಬರೊಳಗೆ ಒಡೆದುಹೋಗಿತ್ತು. ಎರಡು ಗುಂಡಿಗಳನ್ನೂ ನಾನೇ ಇಟ್ಟುಕೊಂಡು ಕೇಳಬೇಕೆಂದು ಅವಳು ಹೇಳಿ ಒಳಗೆ ಹೋದಳು.

ಮರುದಿನ ಅಂಗಡಿಗೆ ಹೋದೆ. ಅಲ್ಲಿಯ ಹುಡುಗನು ಹತ್ತಾರು ಪೆಟ್ಟಿಗೆಗಳನ್ನು ಮುಂದೆ ಹರಡಿದನು. ಬೆಲೆ ಇನ್ನೂರು ರೂಪಾಯಿಯಿಂದ ನಾಲ್ಕು ಸಾವಿರದವರೆಗೆ. ಒಂದು ಪೆಟ್ಟಿಗೆಯು ಮೃದಂಗದ ತೊಪ್ಪಿಯನ್ನು ಎದೆಗೇ ಬಡಿಯುವಂತೆ ಕೇಳಿಸುವೆನೆಂದು ಬೀಗುತ್ತಿತ್ತು. ಮತ್ತೊಂದು ಗಾಯಕನ ಉಸಿರನ್ನೂ ಬಿಡದೆ ಹಿಡಿಯುವೆನೆನ್ನುತ್ತಿತ್ತು. ಪಿಂಚಣಿಯ ಮಿತಿಯೊಳಗೆ ಯಾವುದನ್ನು ಆರಿಸಬೇಕೆಂದು ತಿಳಿಯದೆ ಬರಿಗೈಯಲ್ಲಿ ಮರಳಿದೆ. ಆ ರಾತ್ರಿ ನೆನಪಿಗೆ ಬಂದವನು ಜಪಾನಿನ ಅಕಿಯೊ ಮೊರಿಟಾ. ಸೋನಿ ಸಂಸ್ಥೆಯ ಇಬ್ಬರು ಸ್ಥಾಪಕರಲ್ಲಿ ಈತನೊಬ್ಬನೆಂಬುದನ್ನು ಎಲ್ಲರೂ ಬಲ್ಲರು. ನಡೆಯುತ್ತ ಸಂಗೀತ ಕೇಳುವ ಅಭ್ಯಾಸವನ್ನು ಲೋಕಕ್ಕೆಲ್ಲ ಹಿಡಿಸಿದವನೂ ಈತನೇ. ನನ್ನನ್ನು ಪೇಚಿಗೆ ಸಿಕ್ಕಿಸಿದವನ ಬಾಳಿನಲ್ಲೇ ಬಿಡುಗಡೆಯ ದಾರಿಯೂ ಇದ್ದೀತೆಂದು, ಹಿಂದೆ ಓದಿದ್ದನ್ನೆಲ್ಲ ಮತ್ತೊಮ್ಮೆ ಮನಸ್ಸಿಗೆ ತಂದುಕೊಂಡೆನು.

ಮೊರಿಟಾ ಹುಟ್ಟಿದ್ದು ೧೯೨೧ನೆಯ ಜನವರಿ ೨೬ರಂದು, ನಗೋಯಾ ನಗರದಲ್ಲಿ. ಅಕ್ಕಿಯಿಂದ ಸಾಕೆ ಎಂಬ ಮದ್ಯವನ್ನು ಭಟ್ಟಿಯಿಳಿಸದೆ ಹುದುಗೆಬ್ಬಿಸಿ ತಯಾರಿಸುವುದು ಆ ಮನೆತನಕ್ಕೆ ಶತಮಾನಗಳಿಂದ ಬಂದ ವೃತ್ತಿ. ಹಿರಿಯ ಮಗನಾದ ಅಕಿಯೊ ಹದಿನೈದನೆಯ ತಲೆಮಾರಿನ ಉತ್ತರಾಧಿಕಾರಿ. ತಂದೆಯು ಹುಡುಗನನ್ನು ಎಳವೆಯಲ್ಲೇ ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕಪತ್ರಗಳನ್ನೂ ವ್ಯವಹಾರದ ಸಭೆಗಳನ್ನೂ ತೋರಿಸುತ್ತಿದ್ದನು. ಆದರೆ ಹುಡುಗನ ಮನಸ್ಸು ಮದ್ಯದ ಪೀಪಾಯಿಗಳ ಕಡೆಗೆ ಹರಿಯಲಿಲ್ಲ. ತಾಯಿಗೆ ಪಾಶ್ಚಾತ್ಯ ಸಂಗೀತದ ಮೋಹ. ಮನೆಯಲ್ಲಿ ಕೀಲಿಕೊಡುವ ಹಳೆಯ ಗ್ರಾಮಫೋನ್ ಹಾಡುತ್ತಿತ್ತು. ಕೆಟ್ಟ ಧ್ವನಿಯಲ್ಲಿ ಸಂಗೀತ ಕೇಳುವುದರಿಂದ ಮಕ್ಕಳ ಕಿವಿಯೂ ಅಭಿರುಚಿಯೂ ಕೆಡುವುದೆಂದು ತಂದೆಯ ನಂಬಿಕೆ. ಆದುದರಿಂದ ವಿದ್ಯುತ್ತಿನಿಂದ ನಡೆಯುವ ಹೊಸ ಬಗೆಯ ಗ್ರಾಮಫೋನು ಜಪಾನಿಗೆ ಬಂದೊಡನೆ, ಭಾರಿ ಬೆಲೆ ತೆತ್ತು ಅದನ್ನು ಮನೆಗೆ ತಂದನು. ನಿನ್ನೆ ಕೇಳಿದ ಅದೇ ತಟ್ಟೆ ಇಂದು ಬೇರೆಯೇ ಹಾಡಾಗಿ ಕೇಳಿದಾಗ ಬಾಲಕನಿಗೆ ಆದ ಬೆರಗು ಜೀವಮಾನವಿಡೀ ಅಳಿಯಲಿಲ್ಲ. ಅಂದಿನಿಂದ ವಿದ್ಯುತ್ತಿನ ಪುಸ್ತಕಗಳು, ತಂತಿಗಳು, ಸ್ವಂತ ಕೈಯಿಂದ ಕಟ್ಟಿದ ರೇಡಿಯೋ, ಇವುಗಳಲ್ಲೇ ಮುಳುಗಿ, ಶಾಲೆಯಲ್ಲಿ ಹಿಂದೆ ಬಿದ್ದು, ಕಷ್ಟಪಟ್ಟು ಮೇಲಿನ ತರಗತಿಗೆ ಏರಿದನು. ಅಧ್ಯಾಪಕ ಮಿತ್ರರು ಇದನ್ನು ಗಮನಿಸಬೇಕು.

ಒಸಾಕಾ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನು ಓದಿ ೧೯೪೪ರಲ್ಲಿ ಪದವಿ ಪಡೆದು ನೌಕಾದಳವನ್ನು ಸೇರಿದನು. ಯುದ್ಧಕಾಲದ ಸಂಶೋಧನಾ ಸಮಿತಿಯೊಂದರಲ್ಲಿ ಆತನಿಗೆ ಮಸಾರು ಇಬುಕಾ ಎಂಬ ಎಂಜಿನಿಯರನ ಪರಿಚಯವಾಯಿತು. ಇಬುಕಾ ಮೊರಿಟಾನಿಗಿಂತ ಹದಿಮೂರು ವರ್ಷ ದೊಡ್ಡವನು. ಒಬ್ಬನು ಕೈಯಿಂದ ಯೋಚಿಸುವವನು, ಇನ್ನೊಬ್ಬನು ಕೊಳ್ಳುವವನ ಮನಸ್ಸನ್ನು ಓದುವವನು. ಯುದ್ಧ ಮುಗಿದು ಟೋಕಿಯೋ ಬೂದಿಯಾಗಿ ಬಿದ್ದಿದ್ದಾಗ, ಹಾನಿಗೊಂಡ ಅಂಗಡಿ ಕಟ್ಟಡವೊಂದರಲ್ಲಿ ಇಬುಕಾ ರೇಡಿಯೋ ದುರಸ್ತಿಯ ಕೆಲಸ ತೆರೆದನು. ಪತ್ರಿಕೆಯ ಅಂಕಣವೊಂದರಲ್ಲಿ ಆ ಸುದ್ದಿಯನ್ನು ಓದಿ ಮೊರಿಟಾ ಅವನನ್ನು ಹುಡುಕಿಕೊಂಡು ಹೋದನು.

ಜ್ಯೇಷ್ಠಪುತ್ರನು ಮನೆತನದ ವೃತ್ತಿಯನ್ನು ಬಿಡುವುದು ಅಂದಿನ ಜಪಾನಿನಲ್ಲಿ ಸಣ್ಣ ಮಾತಲ್ಲ. ಇಬುಕಾ ಸ್ವತಃ ಮೊರಿಟಾನ ಮನೆಗೆ ಹೋಗಿ, ಹೆಣ್ಣು ಕೇಳುವವರಂತೆ, ಮಗನನ್ನು ಕಳುಹಿಸಿಕೊಡಬೇಕೆಂದು ಪ್ರಾರ್ಥಿಸಬೇಕಾಯಿತು. ತಂದೆಯು ಒಪ್ಪಿದನು, ಮುಂದೆ ಕಷ್ಟಕಾಲದಲ್ಲಿ ಹಣವನ್ನೂ ಕೊಟ್ಟನು. ೧೯೪೬ನೆಯ ಮೇ ೭ರಂದು ೧,೯೦,೦೦೦ ಯೆನ್ ಬಂಡವಾಳದಲ್ಲಿ, ಇಪ್ಪತ್ತರಷ್ಟು ಜನರೊಡನೆ, ಟೋಕಿಯೋ ತ್ಸುಶಿನ್ ಕೊಗ್ಯೊ ಎಂಬ ಸಂಸ್ಥೆ ಹುಟ್ಟಿತು.

ಅವರು ಕೈಯಿಟ್ಟ ಮೊದಲ ಮಹತ್ಕಾರ್ಯವೆಂದರೆ ಟೇಪ್ ರೆಕಾರ್ಡರ್. ಟೇಪಿಗೆ ಬಳಿಯುವ ಕಾಂತೀಯ ಪುಡಿ ಎಲ್ಲಿಯೂ ದೊರೆಯದ ಕಾಲ. ಕಬ್ಬಿಣದ ಲವಣವೊಂದನ್ನು ತಂದು, ಅಡಿಗೆಯ ಬಾಣಲೆಯಲ್ಲಿ ಹಾಕಿ, ಬಣ್ಣ ತಿರುಗುವವರೆಗೆ ಸೌಟಿನಿಂದ ಕೆದಕಿ ಹುರಿದರು. ಆ ಪುಡಿಯನ್ನು ಕಾಗದದ ಪಟ್ಟಿಗಳಿಗೆ ಕುಂಚದಿಂದ ಬಳಿದರು. ನಮ್ಮ ತಾಯಂದಿರು ಹುರಿಹಿಟ್ಟಿಗೆ ಕಾಳು ಹುರಿಯುವಾಗ ಹದ ನೋಡುತ್ತಿದ್ದಂತೆ ಆ ವಿಜ್ಞಾನಿಗಳು ಬಾಣಲೆಯ ಹದ ನೋಡುತ್ತಿದ್ದರು! ೧೯೫೦ರಲ್ಲಿ ಯಂತ್ರವೇನೋ ಸಿದ್ಧವಾಯಿತು. ಆದರೆ ತೂಕ ಮೂವತ್ತು ಕಿಲೋಗಿಂತ ಹೆಚ್ಚು, ಬೆಲೆ ಒಂದೂವರೆ ಲಕ್ಷ ಯೆನ್ನಿಗಿಂತ ಹೆಚ್ಚು. ತಮ್ಮ ಧ್ವನಿಯನ್ನು ತಾವೇ ಕೇಳಿ ಜನ ನಕ್ಕರು, ಹೊಗಳಿದರು, ಕೊಳ್ಳದೆ ಹೊರಟುಹೋದರು.

ಹೀಗಿರುವಾಗ ಒಂದು ದಿನ ಮೊರಿಟಾ ಪ್ರಾಚೀನ ವಸ್ತುಗಳ ಅಂಗಡಿಯೊಂದರ ಮುಂದೆ ನಿಂತಿದ್ದನು. ಗಿರಾಕಿಯೊಬ್ಬನು ಹಳೆಯ ಹೂದಾನಿಯೊಂದಕ್ಕೆ, ಟೇಪ್ ರೆಕಾರ್ಡರಿಗಿಂತಲೂ ಹೆಚ್ಚಿನ ಬೆಲೆಯನ್ನು ಹಿಂದೆಮುಂದೆ ನೋಡದೆ ಎಣಿಸಿಕೊಟ್ಟನು. ವಸ್ತುವಿನ ಬೆಲೆ ಅದನ್ನು ಮಾಡಿದವನ ಬೆವರಿನಲ್ಲಿಲ್ಲ, ಅದರ ಅಗತ್ಯವನ್ನು ಕಂಡುಕೊಂಡವನ ಕಣ್ಣಿನಲ್ಲಿದೆ ಎಂಬುದು ಆ ತರುಣನಿಗೆ ಹೊಳೆಯಿತು. ಶೀಘ್ರಲಿಪಿಕಾರರ ಕೊರತೆಯಿದ್ದ ನ್ಯಾಯಾಲಯಕ್ಕೆ ಹೋಗಿ ಇಪ್ಪತ್ತು ಯಂತ್ರಗಳನ್ನು ಮಾರಿದನು. ಮುಂದೆ ಹಗುರವೂ ಅಗ್ಗವೂ ಆದ ಯಂತ್ರ ಬಂದಾಗ ಶಾಲೆಗಳನ್ನು ಹಿಡಿದನು. ಎಲ್ಲರಿಗೂ ತೋರಿಸುವುದನ್ನು ಬಿಟ್ಟು, ಬೇಕಾದವರನ್ನು ಹುಡುಕುವುದನ್ನು ಕಲಿತನು.

೧೯೫೩ರಲ್ಲಿ ಟ್ರಾನ್ಸಿಸ್ಟರಿನ ಪರವಾನಗಿಗಾಗಿ ಮೊರಿಟಾ ಅಮೆರಿಕಕ್ಕೆ ಹೋದನು. ಪರವಾನಗಿಯ ಹಣ ೨೫,೦೦೦ ಡಾಲರ್. ಅದನ್ನು ಕೊಟ್ಟ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯವರೇ, ಈ ಹರಳಿನಿಂದ ಜನಸಾಮಾನ್ಯರಿಗಾಗಿ ಮಾಡಬಹುದಾದುದು ಕಿವುಡರ ಶ್ರವಣಯಂತ್ರವೊಂದೇ ಎಂದು ಎಚ್ಚರಿಸಿದರು. ಶ್ರವಣಯಂತ್ರಕ್ಕೆ ಎಷ್ಟು ಜನ ಗಿರಾಕಿಗಳು? ಇಬುಕಾ ಮೊರಿಟಾರು ರೇಡಿಯೋ ಮಾಡಬೇಕೆಂದು ನಿಶ್ಚಯಿಸಿದರು. ಅದೇ ಪ್ರವಾಸದಲ್ಲಿ ಯೂರೋಪಿಗೆ ಹೋದಾಗ ಜರ್ಮನಿಯ ಹೋಟೆಲೊಂದರಲ್ಲಿ ಐಸ್‌ಕ್ರೀಮಿನ ಮೇಲೆ ಸಿಕ್ಕಿಸಿದ್ದ ಕಾಗದದ ಪುಟ್ಟ ಕೊಡೆಯು ಮೊರಿಟಾನ ದೇಶದಿಂದ ಬಂದುದೆಂದು ಪರಿಚಾರಕನು ಸೌಜನ್ಯದಿಂದಲೇ ತಿಳಿಸಿದನು. ಜಪಾನೆಂದರೆ ಅಗ್ಗದ ಆಟಿಕೆಯ ನಾಡು ಎಂಬ ಆ ಭಾವನೆ ಆತನನ್ನು ಮುಳ್ಳಿನಂತೆ ಚುಚ್ಚಿತು. ಅಗ್ಗವಾದುದು ಕೀಳಾಗಿಯೇ ಇರಬೇಕೇ ಎಂಬ ಪ್ರಶ್ನೆ ಆತನ ಮುಂದಿನ ಬಾಳಿನ ಹುರಿಯಾಯಿತು.

೧೯೫೫ರಲ್ಲಿ ಅವರ ಮೊದಲ ಟ್ರಾನ್ಸಿಸ್ಟರ್ ರೇಡಿಯೋ ಹೊರಬಂದಿತು. ಅಮೆರಿಕದ ಗಡಿಯಾರದ ಕಂಪನಿಯೊಂದು ಒಂದು ಲಕ್ಷ ರೇಡಿಯೋಗಳನ್ನು ಕೊಳ್ಳಲು ಮುಂದೆ ಬಂದಿತು. ಆದರೆ ಅವುಗಳ ಮೇಲೆ ತನ್ನ ಹೆಸರೇ ಇರಬೇಕೆಂದು ಹಟ ಹಿಡಿಯಿತು. ಸಂಸ್ಥೆಯ ಬಂಡವಾಳಕ್ಕಿಂತ ದೊಡ್ಡದಾದ ಆ ಬೇಡಿಕೆಯನ್ನು ಮೊರಿಟಾ ನಿರಾಕರಿಸಿದನು. ೧೯೫೭ರಲ್ಲಿ ಜೇಬಿನಲ್ಲಿಡುವ ರೇಡಿಯೋ ಸಿದ್ಧವಾದಾಗ ಅದು ಅಂಗಿಯ ಜೇಬಿಗಿಂತ ತುಸು ದೊಡ್ಡದಾಗಿಬಿಟ್ಟಿತ್ತು. ಮೊರಿಟಾ ಮಾರಾಟಗಾರರಿಗೆಲ್ಲ ದೊಡ್ಡ ಜೇಬಿನ ಅಂಗಿಗಳನ್ನು ಹೊಲಿಸಿಕೊಟ್ಟನು! ೧೯೫೮ರಲ್ಲಿ ಸಂಸ್ಥೆಯ ಉದ್ದ ಹೆಸರನ್ನು ಬಿಟ್ಟು, ಧ್ವನಿ ಎಂಬರ್ಥದ ಲ್ಯಾಟಿನ್ ಪದದ ನೆರಳಿರುವ ಸೋನಿ ಎಂಬ ಹೆಸರನ್ನು ತಾಳಿದರು. ಆ ಕಾಲದ ಜೇಬಿನ ರೇಡಿಯೋಗಳೊಡನೆ ಒಂದೇ ಕಿವಿಗೆ ಸಿಕ್ಕಿಸುವ ಚಿಕ್ಕ ಇಯರ್‌ಫೋನು ಬರುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ನೊಣ ಗುಂಯ್‌ಗುಟ್ಟಿದಂತಹ ಧ್ವನಿ. ಆದರೂ ನಮಗೆ ಅದು ಗಂಧರ್ವಲೋಕ.

ಈತನು ದೋಷರಹಿತನಾಗಿದ್ದನೆಂದು ನಾನು ಹೇಳಲಾರೆ. ೧೯೭೫ರಲ್ಲಿ ಹೊರತಂದ ಬೀಟಾಮ್ಯಾಕ್ಸ್ ಎಂಬ ವೀಡಿಯೋ ಪದ್ಧತಿಯು ಪ್ರತಿಸ್ಪರ್ಧಿಯ ವಿಎಚ್‌ಎಸ್ ಪದ್ಧತಿಯೆದುರು ಸೋತಿತು. ೧೯೮೯ರಲ್ಲಿ ರಾಜಕಾರಣಿ ಶಿಂತಾರೊ ಇಶಿಹಾರನೊಡನೆ ಪ್ರಕಟಿಸಿದ ಪುಸ್ತಕವು ಅಮೆರಿಕದಲ್ಲಿ ಕೋಪವನ್ನೆಬ್ಬಿಸಿದಾಗ, ಅದರ ಇಂಗ್ಲಿಷ್ ಆವೃತ್ತಿಯಿಂದ ತನ್ನ ಪಾಲಿನ ಬರಹವನ್ನು ಹಿಂದೆಗೆದುಕೊಂಡನು. ಎರಡು ನಾಡುಗಳ ಸ್ನೇಹವನ್ನೂ ಒಟ್ಟಿಗೆ ಬಯಸಿದವನ ಇಕ್ಕಟ್ಟು ಅದು.

ನನ್ನ ಕಥೆಗೆ ಸಂಬಂಧಿಸಿದ ವರ್ಷ ೧೯೭೯. ವೃದ್ಧನಾಗಿದ್ದ ಇಬುಕಾನಿಗೆ ದೂರದ ವಿಮಾನ ಪ್ರಯಾಣಗಳಲ್ಲಿ ಸಂಗೀತ ಕೇಳುವ ಆಸೆ. ಆದರೆ ಇದ್ದ ಯಂತ್ರವೂ ಭಾರ, ಹೆಡ್‌ಫೋನೂ ಭಾರ. ಅವನಿಗಾಗಿ ಎಂಜಿನಿಯರರು ಪತ್ರಕರ್ತರು ಬಳಸುವ ಸಣ್ಣ ಟೇಪ್ ರೆಕಾರ್ಡರೊಂದನ್ನು ಬಿಚ್ಚಿ, ಧ್ವನಿ ಮುದ್ರಿಸುವ ಭಾಗವನ್ನು ತೆಗೆದು, ಸ್ಟೀರಿಯೋ ನುಡಿಸುವ ಭಾಗವನ್ನು ಕೂಡಿಸಿದರು. ಅದನ್ನು ಕೇಳಿದ ಮೊರಿಟಾನಿಗೆ, ಇದು ಒಬ್ಬ ಮುದುಕನ ಆಸೆಯಲ್ಲ, ಯುವಕರೆಲ್ಲರ ಆಸೆಯೆಂದು ಅನಿಸಿತು. ಧ್ವನಿ ಮುದ್ರಿಸಲಾರದ ಟೇಪ್ ಯಂತ್ರವನ್ನು ಯಾರು ಕೊಳ್ಳುವರೆಂದು ಸಂಸ್ಥೆಯ ಒಳಗಿನವರೇ ಆಕ್ಷೇಪಿಸಿದರು. ಮೂವತ್ತು ಸಾವಿರ ಯಂತ್ರಗಳು ಮಾರಾಟವಾಗದಿದ್ದರೆ ಅಧ್ಯಕ್ಷ ಪದವಿಯನ್ನೇ ಬಿಡುವುದಾಗಿ ಆತನು ಪಣ ತೊಟ್ಟನು.

ಎರಡು ಸಂಗತಿಗಳಲ್ಲಿ ಆತನು ಕಿಂಚಿತ್ತೂ ಸಡಿಲಿಸಲಿಲ್ಲ. ಮೊದಲನೆಯದು ಬೆಲೆ: ವಿದ್ಯಾರ್ಥಿಯ ಜೇಬಿಗೆ ಎಟುಕಬೇಕು. ಆಳೆದು ಸುರಿದು ಅದು ೩೩,೦೦೦ ಯೆನ್ ಎಂದಾಯಿತು. ಎರಡನೆಯದು ಹೆಡ್‌ಫೋನಿನ ಭಾರ. ಅಂದಿನ ಸಾಮಾನ್ಯ ಹೆಡ್‌ಫೋನುಗಳು ಮುನ್ನೂರು ನಾನೂರು ಗ್ರಾಂ ತೂಗುತ್ತಿದ್ದುವು. ಅದನ್ನು ಹೊತ್ತು ಬೀದಿಯಲ್ಲಿ ನಡೆಯುವವರಾರು? ಸಂಸ್ಥೆಯ ಇನ್ನೊಂದು ಪ್ರಯೋಗಶಾಲೆಯಲ್ಲಿ ಸುಮಾರು ಐವತ್ತು ಗ್ರಾಮಿನ ಹೆಡ್‌ಫೋನು ಆಗಲೇ ರೂಪುಗೊಳ್ಳುತ್ತಿತ್ತು. ಯಂತ್ರವೊಂದು ಕಡೆ, ಕಿವಿಯೊಂದು ಕಡೆ ಬೆಳೆಯುತ್ತಿದ್ದುವು; ಎರಡೂ ಕೂಡಿದಾಗ ವಾಕ್‌ಮನ್ ಆಯಿತು.

ಇಲ್ಲಿ ಬರುವ ಒಂದು ಸಣ್ಣ ಪ್ರಸಂಗವೇ ನನ್ನನ್ನು ಈ ಲೇಖನಕ್ಕೆ ಎಳೆದದ್ದು. ಮೊರಿಟಾ ಮಾದರಿ ಯಂತ್ರವೊಂದನ್ನು ಪರೀಕ್ಷೆಗಾಗಿ ಮನೆಗೆ ಒಯ್ದು, ಕಿವಿಗೆ ಸಿಕ್ಕಿಸಿಕೊಂಡು ಆನಂದದಲ್ಲಿ ಕುಳಿತನು. ಹೆಂಡತಿ ಯೊಶಿಕೊಗೆ ಅಸಮಾಧಾನವಾಯಿತು. ಗಂಡನು ಎದುರಿಗೇ ಇದ್ದಾನೆ, ಆದರೆ ಮನೆಯಲ್ಲಿಲ್ಲ. ಅದನ್ನು ಕಂಡ ಮೊರಿಟಾ ಯಂತ್ರಕ್ಕೆ ಎರಡು ಹೆಡ್‌ಫೋನುಗಳನ್ನು ಸಿಕ್ಕಿಸುವಂತೆ ಎರಡು ಕಿಂಡಿಗಳಿರಬೇಕೆಂದು ವಿಧಿಸಿದನು. ಇಬ್ಬರು ಕೇಳುತ್ತಿರುವಾಗ ಮಾತಾಡಬೇಕೆನಿಸಿದರೆ ಒತ್ತಲು ಒಂದು ಗುಂಡಿ. ಒತ್ತಿದೊಡನೆ ಸಂಗೀತ ತಗ್ಗಿ, ಒಳಗಿನ ಮೈಕಿನ ಮೂಲಕ ಮಾತು ಇಬ್ಬರಿಗೂ ಕೇಳಿಸುತ್ತಿತ್ತು. ಒಬ್ಬನೇ ಕೂತು ಸಂಗೀತ ಕೇಳುವುದು ಅಸಭ್ಯವೆಂಬ ಅಳುಕು ಆ ವ್ಯಾಪಾರಿಯ ಮನದಲ್ಲಿತ್ತು.

೧೯೭೯ನೆಯ ಜುಲೈ ೧ರಂದು ವಾಕ್‌ಮನ್ ಅಂಗಡಿಗೆ ಬಂದಿತು. ಮೊದಲ ತಿಂಗಳು ಮಾರಾಟವಾದುದು ಮೂರು ಸಾವಿರ ಮಾತ್ರ. ಆಗಸ್ಟ್ ಮುಗಿಯುವುದರೊಳಗೆ ಮೂವತ್ತು ಸಾವಿರವೂ ಮುಗಿದಿದ್ದುವು. ಆದರೆ ಲೋಕವು ಮೊರಿಟಾನ ಅಳುಕನ್ನು ಕೊಳ್ಳಲಿಲ್ಲ, ಯಂತ್ರವನ್ನು ಮಾತ್ರ ಕೊಂಡಿತು. ಒಂದೊಂದು ಯಂತ್ರ ಒಬ್ಬೊಬ್ಬರದಾಯಿತು. ಮುಂದಿನ ವರ್ಷಗಳ ಮಾದರಿಗಳಲ್ಲಿ ಮಾತಿನ ಗುಂಡಿಯೂ ಹೋಯಿತು, ಎರಡನೆಯ ಕಿಂಡಿಯೂ ಹೋಯಿತು. ೧೯೮೨ರಲ್ಲಿ ಅದೇ ಸಂಸ್ಥೆ ತಲೆಪಟ್ಟಿಯೇ ಇಲ್ಲದೆ ಕಿವಿಯ ಗುಳಿಯಲ್ಲಿ ಕೂರುವ ಇಯರ್‌ಫೋನನ್ನು ತಂದಿತು. ಅಂಗಡಿಯ ಹುಡುಗನು ನನ್ನ ಮುಂದೆ ಹರಡಿದ ಪೆಟ್ಟಿಗೆಗಳು ಆ ವಂಶದ ಮೊಮ್ಮಕ್ಕಳು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಆಂಡ್ರಿಯಾಸ್ ಪಾವೆಲ್ ಎಂಬಾತನು ಮೈಮೇಲೆ ಧರಿಸುವ ಸ್ಟೀರಿಯೋ ಯಂತ್ರಕ್ಕೆ ೧೯೭೭ರಲ್ಲೇ ಇಟಲಿಯಲ್ಲಿ ಹಕ್ಕುಪತ್ರಕ್ಕಾಗಿ ಅರ್ಜಿ ಸಲ್ಲಿಸಿದ್ದನು. ದೀರ್ಘ ವ್ಯಾಜ್ಯದ ತರುವಾಯ, ಮೊರಿಟಾ ತೀರಿಕೊಂಡ ಕೆಲವು ವರ್ಷಗಳಿಗೆ, ಸಂಸ್ಥೆಯು ಅವನೊಡನೆ ರಾಜಿ ಮಾಡಿಕೊಂಡಿತು.

೧೯೯೩ನೆಯ ನವೆಂಬರ್ ೩೦ರಂದು ಟೆನಿಸ್ ಆಡುತ್ತಿದ್ದಾಗ ಮೊರಿಟಾನಿಗೆ ಮಿದುಳಿನ ರಕ್ತಸ್ರಾವವಾಯಿತು. ಅಲ್ಲಿಂದ ಮುಂದೆ ಗಾಲಿಕುರ್ಚಿಯೇ ಗತಿ. ಐದು ಖಂಡಗಳನ್ನು ಮಾತಿನಿಂದಲೇ ಗೆದ್ದವನ ಮಾತು ಬಹುಮಟ್ಟಿಗೆ ಅಡಗಿತು. ೧೯೯೭ರ ಡಿಸೆಂಬರಿನಲ್ಲಿ ಇಬುಕಾ ತೀರಿಕೊಂಡನು. ೧೯೯೯ನೆಯ ಅಕ್ಟೋಬರ್ ೩ರಂದು, ತನ್ನ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮೊರಿಟಾ ಟೋಕಿಯೋದಲ್ಲಿ ಕಣ್ಣು ಮುಚ್ಚಿದನು. ಕ್ಯಾಸೆಟ್ಟಿನ ವಾಕ್‌ಮನ್ನನ್ನು ಜಪಾನಿನಲ್ಲಿ ಮಾಡುವುದನ್ನೂ ೨೦೧೦ರಲ್ಲಿ ನಿಲ್ಲಿಸಿದರು.

ಇಷ್ಟನ್ನು ನೆನೆದ ಮೇಲೆ ಮತ್ತೆ ಅಂಗಡಿಗೆ ಹೋದೆ. ಈ ಸಲ ಪೆಟ್ಟಿಗೆಯ ಮೇಲಿನ ಜಂಬವನ್ನು ಓದುವ ಬದಲು ನನಗೇನು ಬೇಕೆಂಬುದನ್ನು ಕೇಳಿಕೊಂಡೆ. ಅಗ್ಗದ ಇಯರ್‌ಫೋನಾಗಲಿ ದುಬಾರಿಯದಾಗಲಿ, ಸಾಮಾನ್ಯವಾಗಿ ಒಳಗಿರುವುದು ಒಂದು ಅಯಸ್ಕಾಂತ, ಕೂದಲೆಳೆಯಂತಹ ತಂತಿಯ ಸುರುಳಿ, ಅದಕ್ಕಂಟಿದ ತೆಳುವಾದೊಂದು ಪೊರೆ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಪೊರೆಯು ಅದುರಿ ಗಾಳಿಯನ್ನು ಅದುರಿಸುತ್ತದೆ. ಆ ಗಾಳಿ ಕಿವಿಯಿಂದ ಹೊರಕ್ಕೆ ಸೋರಿಹೋದರೆ ಮಂದ್ರಸ್ವರವೆಲ್ಲ ನಷ್ಟ. ಆದುದರಿಂದ ಕಿವಿಗೆ ಸರಿಯಾಗಿ ಕೂರುವ ರಬ್ಬರ್ ಟೊಪ್ಪಿಗೆಯೇ ಅರ್ಧ ಸಂಗೀತ. ಒಳ್ಳೆಯ ಅಂಗಡಿಯ ಅಗ್ಗದ ಪೆಟ್ಟಿಗೆಯಲ್ಲೂ ಮೂರು ಅಳತೆಯ ಟೊಪ್ಪಿಗೆಗಳಿರುತ್ತವೆ. ನನ್ನ ಕಿವಿಗೆ ನಡುವಿನದು, ಮನೆಯವರಿಗೆ ಸಣ್ಣದು. ಸರಿಯಾಗಿ ಕೂತರೆ ಹೊರಗಿನ ಗದ್ದಲ ಒಳಬಾರದು. ಬಾರದಿದ್ದರೆ ಧ್ವನಿಯನ್ನು ಏರಿಸುವ ಚಪಲವೂ ಇರದು. ವಯಸ್ಕರಿಗೆ ವಾರಕ್ಕೆ ನಲವತ್ತು ಗಂಟೆ, ಎಂಬತ್ತು ಡೆಸಿಬೆಲ್, ಇದರ ಮೇಲೆ ಹೋಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಮಿತಿ ಹಾಕಿದೆ. ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇನ್ನು ತಂತಿ: ಅದು ಸಾಮಾನ್ಯವಾಗಿ ಸಾಯುವುದು ಪಿನ್ನಿನ ಕುತ್ತಿಗೆಯಲ್ಲಿ. ಅಲ್ಲಿ ಬಳುಕುವ ರಬ್ಬರಿನ ಕವಚವಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದೆ.

ಮಗಳು ನನ್ನ ಕೈಗಿಟ್ಟಿದ್ದುದು ಎರಡು ಸಾವಿರ ರೂಪಾಯಿ. ಅದಷ್ಟಕ್ಕೂ ಒಂದೇ ಒಳ್ಳೆಯ ಇಯರ್‌ಫೋನು ಬರುತ್ತಿತ್ತು. ನಾನು ಆರುನೂರು ರೂಪಾಯಿಯದನ್ನು ಎರಡು ಕೊಂಡೆ. ಎರಡೂ ಒಂದೇ ಜಾತಿಯವು. ಬೇರೆ ಬೇರೆಯಾದರೆ ಒಂದು ಗಟ್ಟಿಯಾಗಿ, ಒಂದು ಮೆಲ್ಲಗೆ ಕೇಳಿ ಜಗಳಕ್ಕೆ ಕಾರಣವಾದೀತು. ಅವುಗಳ ಜೊತೆಗೆ ಒಂದು ಕಿಂಡಿಯನ್ನು ಎರಡು ಮಾಡುವ ಕವಲುತಂತಿಯೊಂದನ್ನೂ ಕೇಳಿದೆ. ಅಂಗಡಿಯ ಹುಡುಗನು ಅದಕ್ಕೆ ಸ್ಪ್ಲಿಟರ್ ಎಂದು ಹೇಳಿ, ಒಳಗೆ ಹೋಗಿ ಹುಡುಕಿ, ಧೂಳು ಒರೆಸಿ ತಂದನು. ಅದನ್ನು ಈಗ ಯಾರೂ ಕೇಳುವುದಿಲ್ಲವಂತೆ. ಬೆಲೆ ನೂರು ರೂಪಾಯಿ.

ಎರಡು ಇಯರ್‌ಫೋನುಗಳಿಗೆ ಹಂಚಿಹೋದುದರಿಂದ ಧ್ವನಿ ತುಸು ತಗ್ಗುತ್ತದೆ ಎಂಬುದು ನಿಜ. ನಾಲ್ಕು ಸಾವಿರದ ಪೆಟ್ಟಿಗೆಯಲ್ಲಿದ್ದ ಕೆಲವು ಸೂಕ್ಷ್ಮಗಳು ಇದರಲ್ಲಿ ಕೇಳಿಸದಿರಬಹುದು. ಆ ರಾತ್ರಿ ಜಗಲಿಯಲ್ಲಿ ಕುಳಿತಾಗ ಮಾತ್ರ ಇಬ್ಬರಿಗೂ ಹಾರ್ಮೋನಿಯಂ ಇತ್ತು, ಇಬ್ಬರಿಗೂ ತಬಲವಿತ್ತು. ಒಳಗೆ ಮೊಮ್ಮಗನು ಓದುತ್ತಿದ್ದನು. ವಿಲಂಬಿತವು ಮುಗಿದು ದ್ರುತ್ ಆರಂಭವಾದಾಗ ಮನೆಯವರು ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಮೊರಿಟಾನ ಆ ಮಾತಿನ ಗುಂಡಿ ನಮ್ಮ ಯಂತ್ರದಲ್ಲಿಲ್ಲ. ಒಂದು ಕಿವಿಯದನ್ನು ತೆಗೆದು, ಆಕೆಯ ಕಡೆಗೆ ಬಾಗಿದೆ.